ಬಿಸಿಲಿಗೆ ಬೇಕಾದಷ್ಟು ತಪ್ಪು

ಲಿಫ್ಟಿನವನಿಗೆ ಜೀವನದಲ್ಲಿ ಹೆಮ್ಮೆಪಡಲು ಇದ್ದದ್ದು ಒಂದೇ ಸಂಗತಿ: ಅವನ ಮಗಳು ಶಾಲೆ ಸೇರಿದ ಲಾಗಾಯ್ತು ಒಂದು ಸಲವೂ ಶಿಕ್ಷೆ ತಿಂದಿರಲಿಲ್ಲ. ಇದನ್ನು ಅವನು ಹನ್ನೊಂದು ಮಹಡಿಯ ಆ ಕಟ್ಟಡದಲ್ಲಿ ಹತ್ತಿದವರಿಗೂ ಹೇಳುತ್ತಿದ್ದ, ಇಳಿಯುವವರಿಗೂ ಹೇಳುತ್ತಿದ್ದ. ಲಿಫ್ಟಿನೊಳಗೆ ಕೇಳುಗರು ಎಲ್ಲಿಗೂ ಓಡಿಹೋಗುವಂತಿಲ್ಲ. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಒಂದು ದಿನ ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತಿ ಹೋಗಲು ಶುರುಮಾಡಿದರು. ಆರೋಗ್ಯಕ್ಕಾಗಿ ಎಂದು ಜನ ಮೆಚ್ಚಿಕೊಂಡರು.

"ಐದನೇ ಕ್ಲಾಸು ಸಾರ್. ಈ ತನಕ ಒಂದು ಏಟಿಲ್ಲ, ಒಂದು ಬೈಗುಳ ಇಲ್ಲ. ಕ್ಲಾಸ್ ಲೀಡರು."

"ಏಳನೇ ಮಹಡಿ ಬಂತಪ್ಪ."

"ಬಂತು ಸಾರ್, ತೆಗೀತೀನಿ. ಎದೆ ಮೇಲೆ ಬ್ಯಾಡ್ಜು ಕೊಟ್ಟಿದಾರೆ, 'ಸನ್ನಡತೆ' ಅಂತ..."

"ಬಾಗಿಲು, ಬಾಗಿಲು."

ಅವನೂ ಸನ್ನಡತೆಯ ಮನುಷ್ಯನೇ. ಯಾರಾದರೂ ಅವನ ಕಾಲು ತುಳಿದರೆ ತನ್ನ ಕಾಲು ಅಲ್ಲಿದ್ದದ್ದಕ್ಕೆ ಕ್ಷಮೆ ಕೇಳುತ್ತಿದ್ದ. ಬೆಳಕು ಹರಿಯುವ ಮುಂಚೆ ಆ ಪೆಟ್ಟಿಗೆ ಸೇರಿದರೆ ಕತ್ತಲಾದ ಮೇಲೇ ಹೊರಗೆ. ಹೊರಗಡೆ ಬಿಸಿಲೋ ಮೋಡವೋ ಎಂಬುದು ಹತ್ತಿದವರ ಕಂಕುಳು ನೋಡಿ ಅವನಿಗೆ ತಿಳಿಯುತ್ತಿತ್ತು.

ಮಗಳನ್ನು ಮನೆಯಲ್ಲಿ ಚುಕ್ಕಿ ಎನ್ನುತ್ತಿದ್ದರು. ಅವಳು ಓದುತ್ತಿದ್ದ ಶಾಲೆ ಒಳ್ಳೆಯ ಶಾಲೆ. ಒಳ್ಳೆಯ ಶಾಲೆ ಎಂದರೆ ಆಟದ ಮೈದಾನವಿದ್ದ ಜಾಗದಲ್ಲಿ ಬಸ್ಸುಗಳು ನಿಂತಿರುವ ಶಾಲೆ. ಕಿಟಕಿಗಳ ಮೇಲೆ ಒಳ್ಳೆಯ ಮಾತುಗಳನ್ನು ಬರೆದ ದಪ್ಪ ಹಾಳೆಗಳನ್ನು ಅಂಟಿಸಿದ್ದರು. 'ಜ್ಞಾನವೇ ಬೆಳಕು' ಎಂಬ ಹಾಳೆ ಚುಕ್ಕಿಯ ತರಗತಿಯ ದೊಡ್ಡ ಕಿಟಕಿಯನ್ನು ಪೂರ್ತಿ ಮುಚ್ಚಿತ್ತು. ಹಾಗಾಗಿ ಅದನ್ನು ಟ್ಯೂಬ್‌ಲೈಟ್ ಹಾಕಿಕೊಂಡು ಓದಬೇಕಿತ್ತು. ಇಡೀ ಶಾಲೆಯಲ್ಲಿ ಬಿಸಿಲು ಬೀಳುತ್ತಿದ್ದದ್ದು ಆಫೀಸಿನ ಮುಂದಿನ ಸಿಮೆಂಟಿನ ಅಂಗಳದಲ್ಲಿ ಮಾತ್ರ. ಅಲ್ಲಿಗೆ ಒಳ್ಳೆಯ ಮಕ್ಕಳು ಹೋಗುವಂತಿರಲಿಲ್ಲ. ಅದು ತಪ್ಪು ಮಾಡಿದವರು ನಿಲ್ಲುವ ಜಾಗ.

ಅಲ್ಲಿ ಹೆಚ್ಚುಕಡಿಮೆ ಕಾಯಂ ಆಗಿ ನಿಂತಿರುತ್ತಿದ್ದವನು ಚುಕ್ಕಿಯ ತರಗತಿಯ ಒಬ್ಬ ಹುಡುಗ. ಒಮ್ಮೆ ಅವನು ಕಾಲಿನಿಂದ ಬೆಂಚು ಅಲ್ಲಾಡಿಸಿದ ರಭಸಕ್ಕೆ ಕ್ಲಾಸ್ ಟೀಚರ್ ಹೆದರಿ ಹೊರಗೆ ಓಡಿದ್ದರಂತೆ. ಅಂದಿನಿಂದ ಅವನ ಹೆಸರು ಭೂಕಂಪ.

*

ಚುಕ್ಕಿಗೆ ಕಾಲುನೋವು ಶುರುವಾಯಿತು. ಮೊದಲು ರಾತ್ರಿ ಮಾತ್ರ ಎಂದಳು, ಆಮೇಲೆ ಹಗಲೂ ಎಂದಳು, ಆಮೇಲೆ ಏನೂ ಅನ್ನಲಿಲ್ಲ. ಗೋಡೆ ಹಿಡಿದು ಮೆಟ್ಟಿಲು ಇಳಿಯತೊಡಗಿದಳು. ಮನೆಯಲ್ಲಿದ್ದ ಅಜ್ಜಿ, ಅಂದರೆ ಲಿಫ್ಟಿನವನ ಅತ್ತೆ, ತೀರ್ಪು ಕೊಟ್ಟರು: "ಬೆಳೆಯೋ ಹುಡುಗಿ. ಮೂಳೆ ಉದ್ದ ಆಗೋವಾಗ ಸದ್ದು ಮಾಡದೆ ಇರುತ್ತಾ?"

ಅಷ್ಟರಲ್ಲಿ ಶಾಲೆಗೆ ಒಬ್ಬ ಡಾಕ್ಟರಮ್ಮ ಬಂದು ಐದನೇ ತರಗತಿಯ ಎಲ್ಲರ ರಕ್ತ ಪರೀಕ್ಷೆ ಮಾಡಿದರು. ಫಲಿತಾಂಶ ಹೇಳಲು ತಂದೆತಾಯಿಯರನ್ನು ಕರೆಸಿದ್ದ ದಿನ ಲಿಫ್ಟಿನವನೂ ರಜೆ ಹಾಕಿ ಹೋಗಿದ್ದ. ತರಗತಿಗೆ ತರಗತಿಯೇ ವಿಟಮಿನ್ ಡಿ ಇಲ್ಲದೆ ಕೂತಿತ್ತು. ಅದರಲ್ಲೂ ಚುಕ್ಕಿಯದು ಎಲ್ಲರಿಗಿಂತ ಕಡಿಮೆ.

"ಒಬ್ಬನಿಗೆ ಮಾತ್ರ ಚೆನ್ನಾಗಿದೆ," ಎಂದರು ಡಾಕ್ಟರಮ್ಮ, ಆಶ್ಚರ್ಯದಿಂದ. "ಯಾರಿದು? ಏನು ಕೊಡ್ತಾರೆ ಇವನಿಗೆ ಮನೇಲಿ?"

ಡ್ರಿಲ್ ಮಾಸ್ಟರ್ ಕೆಮ್ಮಿದರು. ಮೈದಾನ ಹೋದಮೇಲೆ ಅವರಿಗೆ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸುವುದೊಂದೇ ಕೆಲಸ ಉಳಿದಿತ್ತು. "ಮನೇಲಿ ಏನೂ ಕೊಡಲ್ಲ ಡಾಕ್ಟ್ರೇ. ನಾವೇ ಕೊಡೋದು. ವರ್ಷವೆಲ್ಲಾ ಬಿಸಿಲಲ್ಲಿ ನಿಂತಿರ್ತಾನೆ."

ಎಲ್ಲರೂ ನಕ್ಕರು. ಲಿಫ್ಟಿನವನೊಬ್ಬ ನಗಲಿಲ್ಲ.

"ನಿಮ್ಮ ಮಗಳ ಮೂಳೆ ಮೆತ್ತಗಾಗಿದೆ," ಎಂದರು ಡಾಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದು. "ತಡ ಮಾಡ್ಬೇಡಿ. ಹೀಗೇ ಬಿಟ್ರೆ ಕಾಲು ಬಾಗುತ್ತೆ. ಸುಮ್ಮನೆ ಬಿದ್ರೂ ಮುರಿಯಬಹುದು. ಈ ಪುಡಿ ವಾರಕ್ಕೊಂದು ಪೊಟ್ಟಣ, ಹಾಲಲ್ಲಿ. ತಪ್ಪಿಸ್ಬೇಡಿ. ಜೊತೆಗೆ ಬಿಸಿಲೂ ಇರಲಿ. ಹೊತ್ತೇರಿದ ಮೇಲೆ ಒಂದು ಅರ್ಧ ಗಂಟೆ, ಕೈಕಾಲಿನ ಮೇಲೆ ಬೀಳೋ ಹಾಗೆ."

ಪೊಟ್ಟಣಗಳು ಮನೆಗೆ ಬಂದವು. ಅಜ್ಜಿ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು. "ಮೂಳೆ ಪುಡಿಯಾಗೋದು ಕೇಳಿದ್ದೆ ಅಳಿಯಂದ್ರೆ. ಮೂಳೆಗೆ ಪುಡಿ ಹಾಕೋದು ಇದೇ ಮೊದಲು. ಹಿಂದಿನ ಮನೆಯಾಕೆ ಇಂಥದ್ದೇ ತಿಂದು ಕಿಡ್ನೀಲಿ ಕಲ್ಲಾಯ್ತು."

"ಆಕೆಗೆ ಕಲ್ಲಾಗಿದ್ದು ಬೇರೆ ಕಾರಣಕ್ಕಮ್ಮ," ಎಂದಳು ಲಿಫ್ಟಿನವನ ಹೆಂಡತಿ. ಅವಳು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ಹೋಗುವಾಗಲೂ ಮಗು ಮಲಗಿರುತ್ತಿತ್ತು, ಬರುವಾಗಲೂ ಮಲಗಿರುತ್ತಿತ್ತು. "ನೀನೇ ಮರೀದೆ ಕೊಡು. ಹಾಲು ಕುಡಿಸೋದು ನೀನು ತಾನೆ?"

"ಕೊಡ್ತೀನಿ, ಕೊಡ್ತೀನಿ," ಎಂದು ಅಜ್ಜಿ ಪೊಟ್ಟಣಗಳನ್ನು ಬೀರುವಿನ ಮೇಲೆ, ಮಗುವಿಗೆ ಯಾವ ಅಪಾಯವೂ ಆಗದಷ್ಟು ಎತ್ತರದಲ್ಲಿ, ಜೋಪಾನವಾಗಿ ಇಟ್ಟರು. ಹೆಂಡತಿ ತಾಯಿಯನ್ನು ನಂಬಿದಳು. ಗಂಡ ಹೆಂಡತಿಯನ್ನು ನಂಬಿದ. ಒಂದು ಸಂಸಾರದಲ್ಲಿ ಪರಸ್ಪರ ನಂಬಿಕೆ ಇಷ್ಟಿದ್ದರೆ ಔಷಧಿಯ ಅಗತ್ಯವೇನು?

ಉಳಿದದ್ದು ಬಿಸಿಲು. ಅದನ್ನು ಲಿಫ್ಟಿನವನು ತನ್ನ ಪಾಲಿನ ಕರ್ತವ್ಯವೆಂದು ವಹಿಸಿಕೊಂಡ.

*

ಅವರ ಮನೆ ಎರಡು ಎತ್ತರದ ಕಟ್ಟಡಗಳ ನಡುವಿನ ತಳಮನೆ. ಬಿಸಿಲು ಮೇಲಿನವರ ಬಟ್ಟೆ ಒಣಗಿಸಿ ಸುಸ್ತಾಗಿ ಅಲ್ಲೇ ನಿಲ್ಲುತ್ತಿತ್ತು. ಮಾಳಿಗೆಗೆ ಬೀಗ, ಬೀಗದ ಕೈ ಮಾಲೀಕರ ಹತ್ತಿರ, ಮಾಲೀಕರು ಬೇರೆ ಊರಲ್ಲಿ. ಭಾನುವಾರ ಬುದ್ಧಿವಂತ ಮಕ್ಕಳಿಗೆ ವಿಶೇಷ ತರಗತಿ. ಹೊತ್ತೇರುವ ಹೊತ್ತಿಗೆ ಚುಕ್ಕಿ ಇರುವುದು ಶಾಲೆಯಲ್ಲೇ. ಅಲ್ಲಿ ಬಿಸಿಲಿರುವುದು ಅಂಗಳದಲ್ಲೇ.

ಅವನು ಶಾಲೆಯ ದೊಡ್ಡ ಮೇಡಂ ಎದುರು ಕೈಕಟ್ಟಿ ನಿಂತ.

"ಮೇಡಂ, ನನ್ನ ಮಗಳನ್ನ ದಿನಾ ಅರ್ಧ ಗಂಟೆ ಅಂಗಳದಲ್ಲಿ ನಿಲ್ಲಿಸ್ಬೇಕು."

"ಏನು ಮಾಡಿದಾಳೆ?"

"ಏನೂ ಮಾಡಿಲ್ಲ ಮೇಡಂ."

"ಏನೂ ಮಾಡದೆ ಇರೋ ಮಗೂನ ನಿಲ್ಲಿಸೋದು ಹೇಗ್ರೀ? ಇದು ಶಾಲೆ. ಇಲ್ಲಿ ನ್ಯಾಯ ಇದೆ."

"ಡಾಕ್ಟರಮ್ಮ ಹೇಳಿದಾರೆ ಮೇಡಂ. ಮೂಳೆಗೆ..."

"ಅದು ಸರಿ. ಆದ್ರೆ ಅಲ್ಲಿ ನಿಂತವರನ್ನ ನೋಡಿ ಜನ ಏನು ತಿಳ್ಕೊತಾರೆ? ಕ್ಲಾಸ್ ಲೀಡರೇ ನಿಂತಿದ್ರೆ ಬೇರೆ ಮಕ್ಕಳಿಗೆ ಶಿಸ್ತಿನ ಮೇಲೆ ನಂಬಿಕೆ ಉಳಿಯುತ್ತಾ?" ದೊಡ್ಡ ಮೇಡಂ ಕೆಟ್ಟವರಲ್ಲ. ಅವರ ದನಿ ಮೆತ್ತಗಾಯಿತು. "ನೋಡಿ, ಅವಳು ಏನಾದ್ರೂ ತಪ್ಪು ಮಾಡಿದ ದಿನ ಖಂಡಿತ ನಿಲ್ಲಿಸೋಣ. ಅಷ್ಟು ಮಾತು ಕೊಡ್ತೀನಿ."

ಬೇರೆ ಯಾವ ತಂದೆಯಾದರೂ ಇದನ್ನು ನಿರಾಕರಣೆ ಎಂದು ತಿಳಿಯುತ್ತಿದ್ದ. ಲಿಫ್ಟಿನವನು ಅದನ್ನು ಅನುಮತಿ ಎಂದು ತಿಳಿದು, ಎರಡು ಸಲ ನಮಸ್ಕಾರ ಮಾಡಿ ಹೊರಬಂದ.

ಆ ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹೇಳಿದ: "ಚುಕ್ಕೀ, ನಾಳೆ ಸ್ಕೂಲಲ್ಲಿ ಒಂದು ತಪ್ಪು ಮಾಡ್ಬೇಕಮ್ಮ."

"ಯಾವ ತಪ್ಪು ಅಪ್ಪ?"

ಲಿಫ್ಟಿನವನು ಕೈ ತೊಳೆಯುವವರೆಗೂ ಯೋಚಿಸಿದ. ಅವನಿಗೂ ಒಂದೂ ಗೊತ್ತಿರಲಿಲ್ಲ.

*

ಮಾರನೇ ದಿನದಿಂದ ಲಿಫ್ಟಿನ ಸಂಭಾಷಣೆ ತಲೆಕೆಳಗಾಯಿತು. ಮೊದಲು ಹೇಳುತ್ತಿದ್ದವನು ಈಗ ಕೇಳತೊಡಗಿದ. "ಸಾರ್, ಚಿಕ್ಕವರಿದ್ದಾಗ ನೀವು ಏನೇನು ಕೆಟ್ಟ ಕೆಲಸ ಮಾಡಿದ್ರಿ?" ಎಂದು ಬೆಳಿಗ್ಗೆ ಬೆಳಿಗ್ಗೆ ಕೇಳಿಸಿಕೊಂಡ ಬ್ಯಾಂಕ್ ಮ್ಯಾನೇಜರು ಎರಡು ಮಹಡಿ ಮುಂಚೆಯೇ ಇಳಿದರು. ಏಳನೇ ಮಹಡಿಯ ವಕೀಲರಿಗೆ ಮಾತ್ರ ವಿಷಯ ಹಿಡಿಸಿತು.

"ತಪ್ಪು ಅಂದ್ರೆ ಅಳತೆ ನೋಡಿ ಮಾಡ್ಬೇಕಪ್ಪ. ಚಿಕ್ಕದಾದ್ರೆ ಬಿಟ್ಟುಬಿಡ್ತಾರೆ. ದೊಡ್ಡದಾದ್ರೆ ಸ್ಕೂಲಿಂದಾನೇ ಹಾಕ್ತಾರೆ. ಅರ್ಧ ಗಂಟೆ ಬಿಸಿಲಿಗೆ ತಕ್ಕ ತಪ್ಪು ಬೇಕು ನಿನಗೆ."

"ಅದೇ ಸಾರ್. ಅದೇ."

"ಹೋಂವರ್ಕ್ ಮಾಡದೆ ಹೋಗಲಿ. ಕಾನೂನಿನ ಪ್ರಕಾರ ಅದು ಸರಿಯಾಗಿ ಅರ್ಧ ಗಂಟೆ."

ಚುಕ್ಕಿ ಹೋಂವರ್ಕ್ ಮಾಡದೆ ಹೋದಳು. ರಾತ್ರಿಯೆಲ್ಲಾ ನಿದ್ದೆ ಬಾರದೆ ಬೆವರಿದ್ದಳು, ಮುಖ ಬಿಳಿಚಿತ್ತು. ಕ್ಲಾಸ್ ಟೀಚರ್ ಅವಳ ಹಣೆ ಮುಟ್ಟಿ, "ಅಯ್ಯೋ, ಹುಷಾರಿಲ್ಲದೆ ಇದ್ರೂ ಬಂದಿದಾಳೆ ನೋಡಿ ಮಕ್ಕಳೇ! ಇದು ನಿಷ್ಠೆ," ಎಂದು ಚಪ್ಪಾಳೆ ಹೊಡೆಸಿ, ಮೆಟ್ಟಿಲ ಕೆಳಗಿನ ವಿಶ್ರಾಂತಿ ಕೋಣೆಯಲ್ಲಿ ಮಲಗಿಸಿದರು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

"ಹಾಗಾದ್ರೆ ಸೀಮೆಸುಣ್ಣ ಎಸೀಲಿ," ಎಂದರು ವಕೀಲರು. "ಬೋರ್ಡಿಗೆ. ಟೀಚರಿಗಲ್ಲ. ಟೀಚರಿಗೆ ಹೊಡೆದ್ರೆ ಸೆಕ್ಷನ್ ಬದಲಾಗುತ್ತೆ."

ಚುಕ್ಕಿ ಕಣ್ಣು ಮುಚ್ಚಿಕೊಂಡು ಎಸೆದಳು. ಸೀಮೆಸುಣ್ಣ ಬೋರ್ಡಿಗೆ ಬಡಿದು ಪುಡಿಯಾಯಿತು. ಟೀಚರ್ ಬರೆಯುತ್ತಿದ್ದವರು ತಿರುಗಿಯೂ ನೋಡದೆ, "ಭೂಕಂಪ, ಹೊರಗೆ ನಡಿ," ಎಂದರು. ಅವನೂ ಅಭ್ಯಾಸಬಲದಿಂದ ಎದ್ದು ನಡೆದ. ಅವನ ಮೂಳೆ ಇನ್ನೂ ಅರ್ಧ ಗಂಟೆಯಷ್ಟು ಗಟ್ಟಿಯಾಯಿತು.

ಚುಕ್ಕಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬೆಂಚು ಹಿಡಿದುಕೊಂಡು, "ಮಿಸ್, ಎಸೆದಿದ್ದು ನಾನು," ಎಂದಳು.

ಟೀಚರ್ ಕಣ್ಣಲ್ಲಿ ನೀರು ಬಂತು. "ಸ್ನೇಹಿತನನ್ನ ಉಳಿಸೋಕೆ ತಪ್ಪನ್ನ ತನ್ನ ಮೇಲೆ ಹಾಕ್ಕೊತಿದಾಳೆ," ಎಂದರು. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ, ಬಸ್ಸುಗಳ ನೆರಳಲ್ಲಿ, ಅವಳಿಗೆ ಎರಡನೇ ಬ್ಯಾಡ್ಜು ಸಿಕ್ಕಿತು: 'ತ್ಯಾಗ.'

"ಇನ್ನೊಂದು ಬ್ಯಾಡ್ಜಾ?" ಎಂದು ಲಿಫ್ಟಿನವನು ತಲೆಯ ಮೇಲೆ ಕೈಹೊತ್ತು ಕೂತ. ಅಜ್ಜಿ ಮೊಮ್ಮಗಳ ದೃಷ್ಟಿ ತೆಗೆದರು.

ಹೆಂಡತಿ ಮಾತ್ರ ಮಲಗಿದ್ದ ಮಗುವಿನ ಕಾಲನ್ನು ಟ್ಯೂಬ್‌ಲೈಟಿನ ಕೆಳಗೆ ನೀವುತ್ತಾ ಬಹಳ ಹೊತ್ತು ಕೂತಿದ್ದಳು. "ರೀ, ಕಾಲು ಸ್ವಲ್ಪ ಬಾಗಿದ ಹಾಗಿಲ್ವಾ?"

"ಎಲ್ಲಿ?"

"ಇಲ್ಲಿ. ಮಂಡಿ ಕೆಳಗೆ."

ಅವನು ಬಗ್ಗಿ ನೋಡಿದ. ಹೊದಿಕೆ ಎಳೆದು ಕಾಲು ಮುಚ್ಚಿದ.

*

ಗುಟ್ಟು ಎಂಬುದು ಲಿಫ್ಟಿನಲ್ಲಿ ಹೇಳಿದರೆ ಹನ್ನೊಂದು ಮಹಡಿಗೂ ಸಮವಾಗಿ ಹಂಚಿಹೋಗುತ್ತದೆ. ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಕೆಲವು ತಾಯಂದಿರ ಮಕ್ಕಳೂ ಅದೇ ಶಾಲೆಯವು. ವಾರ ಕಳೆಯುವುದರೊಳಗೆ ಶಾಲೆಯಲ್ಲಿ ಒಬ್ಬ ತನ್ನ ಶೂ ಬಾಗಿಲಿನಿಂದಾಚೆ ಎಸೆದ. ಇಬ್ಬರು ಡ್ರಿಲ್ ಮಾಸ್ಟರ್ ನಡಿಗೆಯನ್ನು ಅವರ ಎದುರಿಗೇ ಅನುಕರಿಸಿದರು. ಒಂದನೇ ತರಗತಿಯ ಮಗುವೊಂದು ದೊಡ್ಡ ಮೇಡಂ ಕೊಠಡಿಗೆ ಹೋಗಿ, "ನಾನು ನಿಮ್ಮನ್ನ ಬೈಬೇಕಂತೆ, ಏನಂತ ಬೈಲಿ?" ಎಂದು ವಿನಯದಿಂದ ಕೇಳಿತು. ಅಂಗಳ ಕಿಕ್ಕಿರಿಯಿತು. ಭೂಕಂಪನಿಗೆ ನಿಲ್ಲಲು ಜಾಗ ಸಿಗದೆ ಅವನು ಪಾಠ ಕೇಳಲು ಶುರುಮಾಡಿದ. ಇಷ್ಟು ಗದ್ದಲದಲ್ಲೂ ಚುಕ್ಕಿ ಮಾಡಿದ ಮೂರು ತಪ್ಪುಗಳು ಬೇರೆ ಮೂವರ ಹೆಸರಿಗೆ ಹೋದವು.

ದೊಡ್ಡ ಮೇಡಂ ಸಭೆ ಕರೆದರು. ಇಲಾಖೆಯಿಂದ ಒಬ್ಬ ಸಾಹೇಬರು ಬಂದು ಮಧ್ಯದಲ್ಲಿ ಕೂತರು.

"ಇದನ್ನೆಲ್ಲ ಕಲಿಸಿದ್ದು ಯಾರು?" ಎಂದರು ಮೇಡಂ.

ಒಬ್ಬ ತಾಯಿ ಎದ್ದು, "ಲಿಫ್ಟಿನವರೇ ಹೇಳಿದ್ದು. ಮೂಳೆಗೆ ಒಳ್ಳೇದು ಅಂತ," ಎಂದಳು.

ಲಿಫ್ಟಿನವನು ಎದ್ದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನಿಗೆ ಅಭ್ಯಾಸವಿದ್ದದ್ದು ಬೆನ್ನು ತೋರಿಸಿ ನಿಲ್ಲುವವರ ಜೊತೆ ಮಾತಾಡುವುದು. "ಮೇಡಂ, ನೀವೇ ಅಲ್ವಾ... ತಪ್ಪು ಮಾಡಿದ ದಿನ ಅಂತ..."

"ನಾನಾ? ನಾನು ಹೇಳಿದ್ದಾ?"

"ಇಲ್ಲ ಮೇಡಂ. ಹಾಗಲ್ಲ ಮೇಡಂ. ನನ್ನದೇ ತಪ್ಪು. ಬೇಕಾದ್ರೆ ಆ ಶಿಕ್ಷೆನ ನನ್ನ ಮಗಳಿಗೆ..."

"ಛೆ!" ಎಂದರು ದೊಡ್ಡ ಮೇಡಂ. "ತಂದೆ ತಪ್ಪಿಗೆ ಮಗಳನ್ನ ಶಿಕ್ಷಿಸೋಕೆ ನಾವೇನು ರಾಕ್ಷಸರಾ? ಅವಳು ಲೀಡರಾಗೇ ಇರ್ತಾಳೆ." ಸಭೆ ಚಪ್ಪಾಳೆ ತಟ್ಟಿತು.

ಆಗ ಸಾಹೇಬರು ಕನ್ನಡಕ ತೆಗೆದರು. ಅವರು ಮೃದು ಹೃದಯದವರು. "ನನಗೆ ಬೇರೆಯೇ ವಿಷಯಕ್ಕೆ ನೋವಾಗ್ತಿದೆ. ಎಳೇ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸ್ತೀರಾ? ಈ ಕಾಲದಲ್ಲಿ? ಇದು ಅಮಾನವೀಯ. ಇವತ್ತಿಂದ ಬಂದ್. ಅಂಗಳಕ್ಕೆ ತಗಡಿನ ಚಾವಣಿ ಹಾಕಿಸಿ. ನಾನೇ ಬಂದು ಉದ್ಘಾಟನೆ ಮಾಡ್ತೀನಿ."

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು. ಲಿಫ್ಟಿನವನೂ ತಟ್ಟಿದ. ಎಲ್ಲರೂ ತಟ್ಟುವಾಗ ತಟ್ಟದೆ ಇರುವುದು ಅವನಿಗೆ ಬರುತ್ತಿರಲಿಲ್ಲ.

*

ಚಾವಣಿ ಚೆನ್ನಾಗಿತ್ತು. ಹಸಿರು ಬಣ್ಣ ಹೊಡೆದಿದ್ದರು. ಕೆಳಗೆ ನಿಂತರೆ ಮಕ್ಕಳ ಮುಖವೆಲ್ಲಾ ನೀರಿನೊಳಗಿದ್ದಂತೆ ಕಾಣುತ್ತಿತ್ತು. ಉದ್ಘಾಟನೆಯ ದಿನ ವೇದಿಕೆ ಕಟ್ಟಿ, ರಿಬ್ಬನ್ ಕಟ್ಟಿ, ಕತ್ತರಿ ಇಟ್ಟ ತಟ್ಟೆಯನ್ನು ಸಾಹೇಬರಿಗೆ ಒಯ್ದು ಕೊಡುವ ಗೌರವ ಚುಕ್ಕಿಗೆ ಕೊಟ್ಟರು. ಎರಡು ಬ್ಯಾಡ್ಜಿನ ಹುಡುಗಿ ಬೇರೆ ಯಾರಿದ್ದರು?

ವೇದಿಕೆಗೆ ಮೂರು ಮೆಟ್ಟಿಲು. ಹಿಡಿದುಕೊಳ್ಳಲು ಗೋಡೆ ಇರಲಿಲ್ಲ, ಕೈಯಲ್ಲಿ ತಟ್ಟೆ. ಎರಡನೇ ಮೆಟ್ಟಿಲಲ್ಲಿ ಅವಳು ಬಿದ್ದಳು. ದೊಡ್ಡ ಬೀಳುವಿಕೆ ಏನಲ್ಲ. ಮಕ್ಕಳು ದಿನಾ ಹತ್ತು ಸಲ ಬೀಳುವಂಥದ್ದು. ಕತ್ತರಿ ಹಾರಿ ಸಾಹೇಬರ ಬೂಟಿನ ಪಕ್ಕ ನಾಟಿಕೊಂಡಿತು. ತಟ್ಟೆ ಉರುಳುತ್ತಾ ಹೋಗಿ, ಸುತ್ತಿ ಸುತ್ತಿ, ಬಹಳ ಹೊತ್ತು ಸದ್ದು ಮಾಡಿ ನಿಂತಿತು.

"ಏಳು," ಎಂದರು ದೊಡ್ಡ ಮೇಡಂ ಹಲ್ಲು ಕಚ್ಚಿ.

"ಆಗಲ್ಲ ಮೇಡಂ. ಕಾಲು..."

ಮೇಡಂ ಸುತ್ತ ನೋಡಿದರು. ಮಕ್ಕಳು, ತಾಯಂದಿರು, ಫೋಟೋದವನು. ಬಗ್ಗಿ, ಅವಳೊಬ್ಬಳಿಗೇ ಕೇಳುವಂತೆ, "ಇದನ್ನೂ ನಿಮ್ಮಪ್ಪನೇ ಹೇಳಿಕೊಟ್ಟಿದ್ದಾ?" ಎಂದರು.

ಚುಕ್ಕಿ ತಲೆ ತಗ್ಗಿಸಿದಳು. ಅಪ್ಪ ಬಹಳಷ್ಟು ಹೇಳಿಕೊಟ್ಟಿದ್ದ. ಇಲ್ಲ ಎಂದರೆ ಸುಳ್ಳಾಗುತ್ತಿತ್ತು.

"ಸರಿ ಹಾಗಾದ್ರೆ. ಕಾರ್ಯಕ್ರಮ ಮುಗಿಯೋವರೆಗೆ ಅಲ್ಲೇ ಕೂತಿರು. ಯಾರೂ ಎತ್ತಬೇಡಿ."

ಹೀಗೆ ಆ ಮಗುವಿಗೆ ಜೀವನದ ಮೊದಲನೇ ಶಿಕ್ಷೆ ಸಿಕ್ಕಿತು. ಸಾಹೇಬರು ಮಕ್ಕಳ ಸುಖದ ಬಗ್ಗೆ ದೀರ್ಘವಾಗಿ ಮಾತಾಡಿದರು. ಭೂಕಂಪ ಎರಡು ಸಲ ಎದ್ದು, "ಸಾರ್, ಅವಳ ಕಾಲು ನೋಡಿ ಸಾರ್," ಎಂದ. ಎರಡು ಸಲವೂ ಅವನನ್ನು ಕೂರಿಸಿದರು. ಡ್ರಿಲ್ ಮಾಸ್ಟರ್ ನೋಡಿದರು. ನೋಡಿ, ಸದ್ದಿಲ್ಲದೆ ಆಫೀಸಿನೊಳಗೆ ಹೋಗಿ ಲಿಫ್ಟಿನವನ ಕಟ್ಟಡಕ್ಕೆ ಫೋನು ಮಾಡಿದರು.

ಲಿಫ್ಟಿನವನು ಬಾಗಿಲಿಗೆ ತನ್ನ ಸ್ಟೂಲು ಅಡ್ಡ ಇಟ್ಟು ಓಡಿ ಬಂದಿದ್ದ. ಹನ್ನೊಂದು ಮಹಡಿಯ ಜನ ಅವತ್ತು ನಡೆದೇ ಇಳಿದರು. ಏಳನೇ ಮಹಡಿಯ ವಕೀಲರು ಅವನ ಮೇಲೆ ಮೊದಲ ದೂರು ಬರೆದರು. ಅವನು ಅಂಗಳ ಸೇರುವಾಗ ಭಾಷಣ ನಡೆದೇ ಇತ್ತು. ಮೆಟ್ಟಿಲ ಬುಡದಲ್ಲಿ ಚುಕ್ಕಿ ತುಟಿ ಕಚ್ಚಿಕೊಂಡು ಕೂತಿದ್ದಳು. ಬಲಗಾಲು ಇರಬೇಕಾದ ಕಡೆ ತಿರುಗಿರಲಿಲ್ಲ.

"ಅಪ್ಪ," ಎಂದಳು ಪಿಸುದನಿಯಲ್ಲಿ, "ಶಿಕ್ಷೆ ಕೊಟ್ರು."

ಲಿಫ್ಟಿನವನು ತಲೆಯೆತ್ತಿ ಹಸಿರು ತಗಡು ನೋಡಿದ. ಆಮೇಲೆ ಬಗ್ಗಿ ಅವಳನ್ನು ಎತ್ತಿಕೊಂಡ. ಅವಳು ಕಿರುಚಿದಳು. ಸಾಹೇಬರ ಮಾತು ನಿಂತಿತು. "ಮಧ್ಯದಲ್ಲಿ ಹೋಗೋ ಹಾಗಿಲ್ಲ," ಎಂದು ಯಾರೋ ಅಂದರು. ಅವನು ಯಾರಿಗೂ ಕ್ಷಮೆ ಕೇಳದೆ, ಯಾರಿಗೂ ದಾರಿ ಬಿಡದೆ, ನೇರ ನಡೆದು ಗೇಟು ದಾಟಿದ.

ರಸ್ತೆಯಲ್ಲಿ ನಡುಮಧ್ಯಾಹ್ನ. ಬಿಸಿಲು ಧಾರಾಳವಾಗಿ, ಯಾರನ್ನೂ ಏನೂ ಕೇಳದೆ, ಎಲ್ಲರ ಮೇಲೂ ಸುರಿಯುತ್ತಿತ್ತು. ಚುಕ್ಕಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಒಂದು ಬಾಡಿಗೆ ಗಾಡಿ ಬಂದು ನಿಂತಿತು. "ಆಸ್ಪತ್ರೆಗಾ? ಹತ್ತಿ, ಹತ್ತಿ," ಎಂದ ಗಾಡಿಯವನು.

ಲಿಫ್ಟಿನವನು ಹತ್ತಲಿಲ್ಲ. ಮಗಳನ್ನು ಎತ್ತಿಕೊಂಡೇ, ಹೆಜ್ಜೆ ಹೆಜ್ಜೆಯಾಗಿ, ರಸ್ತೆಯ ಮೇಲೆ ಅರ್ಧ ಸುತ್ತು ತಿರುಗಿ ನಿಂತ. ಈಗ ಬಿಸಿಲು ನೇರ ಅವಳ ಕಾಲಿನ ಮೇಲೆ ಬಿತ್ತು. ಒಂದು ಕೈಯಿಂದ ಅವಳ ಕಾಲುಚೀಲವನ್ನು ಮೆಲ್ಲಗೆ ಕೆಳಗೆ ಸರಿಸಿದ.

"ಏನಯ್ಯಾ ನೀನು, ಮಗು ಅಳ್ತಿದೆ!" ಎಂದು ಗಾಡಿಯವನು ಕೂಗಿದ. ಹಿಂದಿನ ಗಾಡಿಗಳು ಹಾರನ್ನು ಹೊಡೆಯತೊಡಗಿದವು. ಜನ ನಿಂತರು. "ಹತ್ತಯ್ಯಾ! ತಲೆ ಕೆಟ್ಟಿದೆಯಾ?"

"ಒಂದು ನಿಮಿಷ," ಎಂದ ಲಿಫ್ಟಿನವನು, ಎಲ್ಲರಿಗೂ ವಿನಯದಿಂದ. "ಒಂದೇ ಒಂದು ನಿಮಿಷ."